ಎಷ್ಟು ಚಾಕು ಸೇರಿದರೆ ದೊಡ್ಡ ಸಂಗ್ರಹ?



ಅಂಚೆಚೀಟಿ ಕೂಡಿಡುವವರು ನಿಮಗೆ ಗೊತ್ತು. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಗ್ರಾಮಾಫೋನ್ ತಟ್ಟೆ ಕೂಡಿಡುವವರೂ ಗೊತ್ತು. ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚು ಚಾಕುಗಳನ್ನೇ ಕೂಡಿಡುವವರ ವಿಷಯ ಕೇಳಿದ್ದೀರಾ? ಅಂಥವರು ಲೋಕದಲ್ಲಿ ಬಹಳ ಜನ ಇದ್ದಾರೆ. ಅಮೆರಿಕದಲ್ಲಂತೂ ಅವರದೇ ಒಂದು ರಾಷ್ಟ್ರೀಯ ಸಂಘ 1972ರಲ್ಲಿಯೇ ಹುಟ್ಟಿಕೊಂಡಿತು. ಇಂಥವರು ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಪ್ರಶ್ನೆ ಏಳುವುದು ಸಹಜ. ಎಷ್ಟು ಚಾಕು ಇದ್ದರೆ ಅದು 'ದೊಡ್ಡ ಸಂಗ್ರಹ'? ಹತ್ತೇ? ಐವತ್ತೇ? ಐನೂರೇ?

ಕೇಳಲು ಇದು ತೀರಾ ಹುಡುಗಾಟದ ಪ್ರಶ್ನೆ. ಆದರೆ ಇದರ ಬೆನ್ನು ಹತ್ತಿ ಹೋದರೆ ಷೆಫೀಲ್ಡಿನ ಸಾಣೆಮನೆ, ರಾಂಪುರದ ಬಜಾರು, ಜಪಾನಿನ ಶಾಲೆ, ಕೊನೆಗೆ ನಮ್ಮ ಮೈಸೂರು ಸೀಮೆಯ ಕುಲುಮೆ, ಎಲ್ಲವೂ ದಾರಿಯಲ್ಲಿ ಸಿಗುತ್ತವೆ. ಬನ್ನಿ, ಒಂದು ಸುತ್ತು ಹೋಗಿಬರೋಣ.

ರಾಶಿ ಆಗುವುದು ಯಾವಾಗ?

'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂದು ನಾವೆಲ್ಲ ಕೇಳಿ ಬೆಳೆದವರು. ಆದರೆ ಎಷ್ಟನೆಯ ಹನಿಗೆ ಅದು ಹಳ್ಳವಾಯಿತು ಎಂದು ಯಾರಾದರೂ ಕೇಳಿದರೆ? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಯೂಬುಲಿಡಿಸ್ ಎಂಬ ತಾರ್ಕಿಕ ಕೇಳಿದ್ದು ಇದನ್ನೇ ಎನ್ನುತ್ತಾರೆ. ಒಂದು ಕಾಳು ರಾಶಿಯಲ್ಲ. ಎರಡು ಕಾಳೂ ರಾಶಿಯಲ್ಲ. ಹೀಗೆ ಒಂದೊಂದೇ ಕಾಳು ಸೇರಿಸುತ್ತ ಹೋದರೆ ಯಾವ ಕಾಳು ಬಿದ್ದಾಗ ಅದು ರಾಶಿ? ಇವತ್ತಿಗೂ ತತ್ತ್ವಶಾಸ್ತ್ರದವರು ಈ ಪ್ರಶ್ನೆಯ ಮೇಲೆ ಪುಸ್ತಕ ಬರೆಯುತ್ತಿದ್ದಾರೆ.

ನಮ್ಮ ಕಣದ ರೈತನಿಗೆ ಈ ತೊಂದರೆ ಇರಲಿಲ್ಲ. ಅವನು ತೂರಿ, ಹಸನು ಮಾಡಿ, ಜೊಳ್ಳು ತೆಗೆದು ಗಟ್ಟಿ ಕಾಳನ್ನು ಒಂದು ಕಡೆ ಕೂಡಿಸಿ ಪೂಜೆ ಮಾಡಿದ ಮೇಲೆಯೇ ಅದು ರಾಶಿ. ಲೆಕ್ಕಕ್ಕಿಂತ ಮೊದಲು ಅಲ್ಲಿ ಒಂದು ಕೆಲಸ ನಡೆದಿರುತ್ತದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಡಚುವ ಚಾಕು ಹುಟ್ಟಿದ ಬಗೆ

ಅಲಗನ್ನು ಹಿಡಿಯೊಳಗೆ ಮಡಚಿ ಇಡುವ ಯೋಚನೆ ಬಹಳ ಹಳೆಯದು. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬ ಉಪ್ಪಿನ ಗಣಿಯ ಊರಿನಲ್ಲಿ ಸಿಕ್ಕ, ಮೂಳೆಯ ಹಿಡಿಯ ಮಡಚು ಚಾಕು ಕ್ರಿಸ್ತಪೂರ್ವ 600ರಿಂದ 500ರ ನಡುವಿನದು ಎಂದು ಗುರುತಿಸಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಇನ್ನೊಂದು ಇದೆ. ಸುಮಾರು ಮೂರನೆಯ ಶತಮಾನದ್ದು, ಮೈಯೆಲ್ಲ ಬೆಳ್ಳಿ. ಒಂದೇ ಹಿಡಿಯಲ್ಲಿ ಚಮಚ, ಮುಳ್ಳುಚಮಚ, ಚಾಕು, ಕಡ್ಡಿ ಎಲ್ಲ ಮಡಚಿಕೊಂಡಿವೆ. ಪ್ರಯಾಣಕ್ಕೆ ಹೊರಟ ಸಿರಿವಂತನೊಬ್ಬನ ಊಟದ ಸಾಮಾನು ಇರಬೇಕು.

ಇಂಗ್ಲಿಷಿನಲ್ಲಿ ಈ ಚಿಕ್ಕ ಚಾಕುವಿಗೆ 'ಪೆನ್ ನೈಫ್' ಎಂದು ಹೆಸರು ಬಂದದ್ದು ಏಕೆ ಗೊತ್ತೇ? ಉಕ್ಕಿನ ನಿಬ್ಬು ಬರುವ ಮೊದಲು ಅಲ್ಲಿಯವರು ಬರೆಯುತ್ತಿದ್ದದ್ದು ಹಕ್ಕಿಯ ಗರಿಯಿಂದ. ಗರಿಯ ತುದಿ ಸವೆದಾಗಲೆಲ್ಲ ಕೆತ್ತಿ ಚೂಪು ಮಾಡಬೇಕು. ಅದಕ್ಕೇ ಬರೆಯುವವನ ಜೇಬಿನಲ್ಲಿ ಒಂದು ಚಾಕು. ನಮ್ಮ ಕಡೆ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುತ್ತಿದ್ದ ಕಾಲದಲ್ಲೂ ಇಂಥದೇ ಜೋಡಿ ಇತ್ತು. ಚೆನ್ನೈನಲ್ಲಿರುವ ಕೇಳುಗರು ತಮಿಳು ಬಲ್ಲವರನ್ನು 'ಮಡಕ್ಕೆಳುತ್ತಾಣಿ' ಎಂದರೇನು ಎಂದು ಕೇಳಿ ನೋಡಿ. ಮಡಚುವ ಕಂಠ ಎಂದು ಅದರ ಅರ್ಥ. ಒಂದು ಕಡೆ ಬರೆಯುವ ಮೊನೆ, ಇನ್ನೊಂದು ಕಡೆ ಗರಿಯನ್ನು ಸವರುವ ಅಲಗು, ಎರಡೂ ಹಿಡಿಯೊಳಗೆ ಮಡಚಿಕೊಳ್ಳುತ್ತವೆ. ಲೋಕದ ಎರಡು ತುದಿಯಲ್ಲಿ ಬರವಣಿಗೆಯೇ ಚಾಕುವನ್ನು ಜೊತೆಗೆ ಕರೆದುಕೊಂಡಿತು.

ಷೆಫೀಲ್ಡ್: ಒಂದು ಚಾಕುವೇ, 1822 ಚಾಕುಗಳೇ?

ಇಂಗ್ಲೆಂಡಿನ ಷೆಫೀಲ್ಡ್ ಚಾಕುವಿಗೆ ಹೆಸರಾದ ಊರು. ಹದಿನಾಲ್ಕನೆಯ ಶತಮಾನದ ಕೊನೆಗೆ ಬರೆದ ಕವಿ ಚಾಸರ್ ತನ್ನ ಕಥೆಯೊಂದರಲ್ಲಿ ಷೆಫೀಲ್ಡ್ ಚಾಕುವನ್ನು ಹೆಸರಿಸಿದ್ದಾನೆ. 1624ರಲ್ಲಿ ಅಲ್ಲಿಯ ಚಾಕು ಮಾಡುವವರಿಗೆ ಪಾರ್ಲಿಮೆಂಟಿನ ಕಾಯಿದೆಯಿಂದಲೇ ಒಂದು ಸಂಘ ಸಿಕ್ಕಿತು. ಯಾರ ಗುರುತು ಯಾರದು, ಕೆಲಸ ಕಲಿಯುವ ಹುಡುಗನ ಕರಾರು ಏನು ಎಲ್ಲವನ್ನೂ ಆ ಸಂಘ ನೋಡಿಕೊಳ್ಳುತ್ತಿತ್ತು. ಹದಿನೇಳನೆಯ ಶತಮಾನದ ನಡುವಿನ ಹೊತ್ತಿಗೆ ಹಿಡಿಯ ಬೆನ್ನಿನಲ್ಲಿ ಉಕ್ಕಿನ ಪಟ್ಟಿಯ ಸ್ಪ್ರಿಂಗು ಬಂತು. ಅಲಗು ತೆರೆದಾಗ ಟಕ್ ಎಂದು ನಿಲ್ಲುವುದು, ಮುಚ್ಚಿದಾಗ ಟಕ್ ಎಂದು ಕೂರುವುದು ಅದರಿಂದ.

ಈ ಊರಿನಲ್ಲಿ ದೊಡ್ಡ ಕಾರ್ಖಾನೆಗಳ ಜೊತೆಗೆ ಒಂದು ಕೋಣೆ, ಒಂದು ಕಿಟಕಿ, ಒಂದು ಬೆಂಚು ಇಟ್ಟುಕೊಂಡು ದುಡಿಯುವ ಸ್ವತಂತ್ರ ಕುಶಲಿಗಳೂ ಇದ್ದರು. ಅವರನ್ನು ಅಲ್ಲಿ 'ಲಿಟಲ್ ಮೆಸ್ಟರ್', ಅಂದರೆ ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು. ಒಬ್ಬ ಕಾಯಿಸಿ ಬಡಿಯುವವ, ಒಬ್ಬ ಸಾಣೆ ಹಿಡಿಯುವವ, ಒಬ್ಬ ಜೋಡಿಸುವವ, ಹೀಗೆ ಒಂದು ಚಾಕು ನಾಲ್ಕಾರು ಕೈ ದಾಟಿ ಬರುತ್ತಿತ್ತು. ಸಾಣೆಯವನ ಬದುಕು ಮಾತ್ರ ಕಷ್ಟದ್ದು. ಒಣ ಕಲ್ಲಿನ ಮೇಲೆ ಉಕ್ಕು ಉಜ್ಜುವಾಗ ಏಳುವ ದೂಳು ಶ್ವಾಸಕೋಶದಲ್ಲಿ ಕೂತು, ಎಷ್ಟೋ ಜನ ನಡುವಯಸ್ಸು ಕಾಣುವ ಮೊದಲೇ ಸಾಯುತ್ತಿದ್ದರು. ಹೊಳೆಯುವ ಅಲಗನ್ನು ನೋಡುವಾಗ ಇದನ್ನೂ ನಾವು ನೆನೆಯಬೇಕು.

ಈ ಊರಿನ ಜೋಸೆಫ್ ರಾಜರ್ಸ್ ಕಂಪನಿ 1822ರಲ್ಲಿ ಒಂದು ವಿಚಿತ್ರ ಚಾಕು ಮಾಡಿತು. ಅದರಲ್ಲಿ ಇದ್ದ ಅಲಗುಗಳು ಸರಿಯಾಗಿ 1822! ಇಸವಿಗೊಂದು ಅಲಗು. ವರ್ಷಗಳು ಉರುಳಿದಂತೆ ಹೊಸ ಅಲಗು ಸೇರಿಸುತ್ತ ಹೋಗಬೇಕೆಂದು ಸಂಕಲ್ಪ. ಆ ಚಾಕುವಿಗೆ 'ಇಯರ್ ನೈಫ್' ಎಂದೇ ಹೆಸರು. ಮುಂದೆ 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಅದೇ ಕಂಪನಿ 75 ಅಲಗು ಮತ್ತು ಉಪಕರಣಗಳಿರುವ 'ನಾರ್ಫೋಕ್ ನೈಫ್' ಮಾಡಿತು. ಅದು ಈಗ ಷೆಫೀಲ್ಡಿನ ಚಾಕು ತಯಾರಕರ ಸಭಾಭವನದಲ್ಲಿದೆ.

ಈಗ ನೀವೇ ಹೇಳಿ. ಇಯರ್ ನೈಫ್ ಒಂದನ್ನೇ ಇಟ್ಟುಕೊಂಡವನದು ಒಂದು ಚಾಕುವಿನ ಸಂಗ್ರಹವೇ, 1822ರ ಸಂಗ್ರಹವೇ? ಎಣಿಕೆಯನ್ನು ನಂಬಿ ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ.

ಹನ್ನೆರಡಕ್ಕೇ ಮುಗಿಯುವ ಸಂಗ್ರಹ

ಎಣಿಕೆ ಬಿಟ್ಟು ಇನ್ನೊಂದು ಅಳತೆ ಹಿಡಿಯೋಣ. ಸಂಗ್ರಹ ಪೂರ್ತಿಯಾಗಿದೆಯೇ ಎಂದು ಕೇಳೋಣ.

ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ರೈತರಿಗಾಗಿ ಒಂದು ಸರಳ ಚಾಕು ಮಾಡಿದ. ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಅಷ್ಟೇ. 1897ರಲ್ಲಿ ಅದನ್ನು 1ರಿಂದ 12ರವರೆಗೆ ಹನ್ನೆರಡು ಅಳತೆಗಳಲ್ಲಿ ತಯಾರಿಸತೊಡಗಿದ. ಆಮೇಲೆ 1930ರ ದಶಕದಲ್ಲಿ 1 ಮತ್ತು 11ನೆಯ ನಂಬರುಗಳು ನಿಂತುಹೋದವು. ತೆರೆದ ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳದಂತೆ ತಡೆಯುವ ತಿರುಗು ಬಳೆ ಬಂದದ್ದು 1955ರಲ್ಲಿ. ಇದರ ಹಳೆಯ ಸಾಲು ಕೂಡಿಸುವವನಿಗೆ ಬೇಕಾದದ್ದು ಹನ್ನೆರಡೇ ಚಾಕು. ಹನ್ನೊಂದು ಸಿಕ್ಕಿ ಒಂದು ಸಿಗದಿದ್ದರೆ ಅವನಿಗೆ ನಿದ್ದೆ ಬಾರದು. ಹನ್ನೆರಡೂ ಸಿಕ್ಕಿದರೆ ಒಂದು ಚಿಕ್ಕ ಮರದ ಪೆಟ್ಟಿಗೆಯಲ್ಲಿ ಅವನ ಸಂಗ್ರಹ ಮುಗಿಯಿತು.

ಅಮೆರಿಕದ ಪೆನ್ಸಿಲ್ವೇನಿಯಾದ 'ಕೇಸ್' ಕಂಪನಿಯ ಚಾಕುಗಳ ಲೆಕ್ಕ ಇನ್ನೂ ಸೊಗಸು. ಅವರ ಮಾದರಿ ಸಂಖ್ಯೆಯನ್ನು ಓದಲು ಕಲಿತರೆ ಚಾಕುವೇ ತನ್ನ ವಿವರ ಹೇಳುತ್ತದೆ. 6254 ಎಂದು ಇದ್ದರೆ, ಮೊದಲ 6 ಎಂದರೆ ಹಿಡಿ ಗೀರು ಹಾಕಿದ ಮೂಳೆಯದು, ನಂತರದ 2 ಎಂದರೆ ಎರಡು ಅಲಗು, ಉಳಿದ 54 ಎಂದರೆ ಆಕಾರದ ಮಾದರಿ. 1970ರಲ್ಲಿ ಕಂಪನಿ ಇನ್ನೊಂದು ಕೆಲಸ ಮಾಡಿತು. ಅಲಗಿನ ಬುಡದಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕಿ ಒತ್ತಿತು. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು, ಹೀಗೆ ಇಳಿಯುತ್ತ 1979ಕ್ಕೆ ಒಂದೇ ಚುಕ್ಕಿ ಉಳಿಯಿತು. ರಂಗೋಲಿ ಹಾಕುವವರ ಹಾಗೆ ಚುಕ್ಕಿ ಎಣಿಸಿದರೆ ಸಾಕು, ಚಾಕು ಹುಟ್ಟಿದ ವರ್ಷ ತಿಳಿಯುತ್ತದೆ. ಒಂದೇ ಮಾದರಿಯ ಹತ್ತು ವರ್ಷದ ಹತ್ತು ಚಾಕು ಕೂಡಿಸಿದವನು 'ನನ್ನದು ದೊಡ್ಡ ಸಂಗ್ರಹ' ಎಂದರೆ ಬಲ್ಲವರು ತಲೆದೂಗುತ್ತಾರೆ.

ಇವೆರಡರ ಪಕ್ಕದಲ್ಲಿ ಸ್ವಿಟ್ಜರ್ಲೆಂಡಿನ ಕೆಂಪು ಚಾಕುವನ್ನು ಇಟ್ಟು ನೋಡಿ. ಕಾರ್ಲ್ ಎಲ್ಸೆನರ್ ಎಂಬ ಚಾಕು ಕುಶಲಿ 1884ರಲ್ಲಿ ಇಬಾಖ್ ಎಂಬಲ್ಲಿ ಅಂಗಡಿ ತೆರೆದ. ಸೈನಿಕರಿಗೆ ಚಾಕು ಬೇಕಾದಾಗ ಸ್ವಿಸ್ ದೇಶದಲ್ಲಿ ಅಷ್ಟು ಸಂಖ್ಯೆಯಲ್ಲಿ ಮಾಡುವವರು ಇರಲಿಲ್ಲವಾಗಿ ಮೊದಲ ಗುತ್ತಿಗೆ ಜರ್ಮನಿಯ ಜೋಲಿಂಗೆನ್ ಪಟ್ಟಣಕ್ಕೆ ಹೋಯಿತು. ಎಲ್ಸೆನರ್ ಬಿಡಲಿಲ್ಲ. 1891ರಿಂದ ತಾನೂ ಸೈನ್ಯಕ್ಕೆ ಚಾಕು ಒದಗಿಸಿದ. 1897ರಲ್ಲಿ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವಳ ಹೆಸರನ್ನೇ ಗುರುತಾಗಿ ಇಟ್ಟುಕೊಂಡ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಸಂಕೇತ 'ಇನಾಕ್ಸ್' ಸೇರಿ 'ವಿಕ್ಟೋರಿನಾಕ್ಸ್' ಆಯಿತು. 2017ರ ಹೊತ್ತಿಗೆ ಆ ಕಂಪನಿ ಮಾಡಿದ ಜೇಬುಚಾಕುಗಳ ಸಂಖ್ಯೆ 50 ಕೋಟಿ ಮುಟ್ಟಿತು. ಇಲ್ಲಿ 'ಪೂರ್ತಿ' ಎನ್ನುವ ಮಾತಿಗೆ ಅರ್ಥವೇ ಇಲ್ಲ. ಇದನ್ನು ಕೂಡಿಸುವವನು ಮೊದಲು ತನ್ನ ಬೇಲಿಯನ್ನು ತಾನೇ ಹಾಕಿಕೊಳ್ಳಬೇಕು. ಸೈನಿಕರ ಮಾದರಿ ಮಾತ್ರ, ಅಥವಾ ಒಂದು ದಶಕದ್ದು ಮಾತ್ರ ಎಂದು.

ಸಾವಿರಾರು ಇದ್ದರೂ ಸಂಗ್ರಹವಲ್ಲ

ಇನ್ನು ದೊಡ್ಡ ದೊಡ್ಡ ಸಂಖ್ಯೆಗಳ ಕಡೆ ಬರೋಣ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನದ ಕೈಚೀಲದಲ್ಲಿ ಚಾಕು ಒಯ್ಯುವುದನ್ನು ನಿಷೇಧಿಸಿದರು. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸ್ವಿಸ್ ಚಾಕುವಿಗೆ ಅದು ದೊಡ್ಡ ಪೆಟ್ಟು. ವಿಕ್ಟೋರಿನಾಕ್ಸ್ ಚಾಕುಗಳ ವ್ಯಾಪಾರ ಸುಮಾರು ಮೂರನೆಯ ಒಂದು ಪಾಲು ಕುಸಿಯಿತು. ಆದರೂ ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸಲಿಲ್ಲ. ಕೆಲವರನ್ನು ಸ್ವಲ್ಪ ಕಾಲ ಅಕ್ಕಪಕ್ಕದ ಕಂಪನಿಗಳಿಗೆ ಎರವಲು ಕೊಟ್ಟು ಕಷ್ಟಕಾಲ ದಾಟಿಸಿತು.

ಅತ್ತ ಅಮೆರಿಕದ ನಿಲ್ದಾಣಗಳಲ್ಲಿ ಪ್ರಯಾಣಿಕರು ಬಿಟ್ಟುಹೋದ ಚಾಕುಗಳು ಡಬ್ಬಗಟ್ಟಲೆ ಸೇರತೊಡಗಿದವು. ಅವುಗಳನ್ನು ರಾಜ್ಯ ಸರ್ಕಾರಗಳು ಹೆಚ್ಚುವರಿ ಸಾಮಾನು ಎಂದು ರಾಶಿಗೆ ಇಷ್ಟು ಎಂದು ಮಾರುತ್ತವೆ. ಆ ಡಬ್ಬದಲ್ಲಿ ಯಾವುದೋ ತಾತ ಮೊಮ್ಮಗನಿಗೆ ಕೊಟ್ಟದ್ದು ಇರಬಹುದು, ಮದುವೆಯ ಉಡುಗೊರೆ ಇರಬಹುದು, ನಿನ್ನೆ ಕೊಂಡದ್ದೂ ಇರಬಹುದು. ಎಲ್ಲಕ್ಕೂ ಒಂದೇ ಬೆಲೆ, ಏಕೆಂದರೆ ಯಾವುದು ಯಾರದೆಂದು ಹೇಳುವವರಿಲ್ಲ. ಒಂದು ಸಾವಿರ ಚಾಕು ಒಟ್ಟಿಗೆ ಕೊಂಡು ತಂದವನ ಮನೆಯಲ್ಲಿ ಇರುವುದು ಸರಕು. ಅದನ್ನು ಸಂಗ್ರಹ ಎಂದು ಅವನೂ ಕರೆಯುವುದಿಲ್ಲ.

ಇನ್ನೊಂದು ಸಂಖ್ಯೆ ಮನಸ್ಸು ಕಲಕುವಂಥದ್ದು. ಇಂಗ್ಲೆಂಡಿನ ಆಸ್ವೆಸ್ಟ್ರಿ ಊರಿನ ಹತ್ತಿರದ ಲೋಹಶಿಲ್ಪ ಕೇಂದ್ರವೊಂದರಲ್ಲಿ ಶಿಲ್ಪಿ ಆಲ್ಫಿ ಬ್ರಾಡ್ಲಿ ಕಟ್ಟಿದ 27 ಅಡಿ ಎತ್ತರದ ದೇವದೂತನ ಮೂರ್ತಿ ಇದೆ. ಅದರ ಮೈಯೆಲ್ಲ ಚಾಕು. ದೇಶದ ಪೊಲೀಸರಿಗೆ ಜನ ತಂದೊಪ್ಪಿಸಿದ, ಪೊಲೀಸರೇ ವಶಪಡಿಸಿಕೊಂಡ ಒಂದು ಲಕ್ಷ ಚಾಕುಗಳನ್ನು ಮೊಂಡು ಮಾಡಿ ಬೆಸೆದಿದ್ದಾರೆ. ಚಾಕು ಇರಿತದಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬದವರು ಕೆಲವು ಅಲಗುಗಳ ಮೇಲೆ ತಮ್ಮ ಮಾತು ಕೆತ್ತಿಸಿದ್ದಾರೆ. ಸಂಖ್ಯೆ ನೋಡಿದರೆ ಇದರ ಮುಂದೆ ಯಾವ ಹವ್ಯಾಸಿಯ ಸಂಗ್ರಹವೂ ನಿಲ್ಲದು. ಆದರೆ ಅಲ್ಲಿ ನಿಂತವರು ಚಾಕುಗಳನ್ನು ಎಣಿಸುವುದಿಲ್ಲ, ಕೆತ್ತಿದ ಹೆಸರುಗಳನ್ನು ಓದುತ್ತಾರೆ.

ಚಾಕುವಿನ ಎರಡು ಮುಖವನ್ನೂ ಮರೆಯುವಂತಿಲ್ಲ. ಹಣ್ಣು ಹೆಚ್ಚುವ ಅಲಗೇ ಹೊಟ್ಟೆಗೂ ಇಳಿಯುತ್ತದೆ. ಚಾಕು ಮಾಡುವವರ ಹಣೆಬರಹವನ್ನೂ ಎಷ್ಟೋ ಸಲ ಬರೆದದ್ದು ಈ ಎರಡನೆಯ ಮುಖ.

ರಾಂಪುರ ಮತ್ತು ಮಿಕಿ

ದೆಹಲಿಯ ಕೇಳುಗರೇ, ಬರೇಲಿಯ ಕಡೆಗೆ ರೈಲಿನಲ್ಲಿ ಹೋದರೆ ಮುರಾದಾಬಾದ್ ದಾಟಿದ ಮೇಲೆ ರಾಂಪುರ ಬರುತ್ತದೆ. ನವಾಬರ ಆಳ್ವಿಕೆಯ ಈ ಊರಿನ ಕಮ್ಮಾರರು ಮಾಡಿದ ಉದ್ದ ಅಲಗಿನ ಮಡಚು ಚಾಕು ದೇಶಕ್ಕೆಲ್ಲ 'ರಾಂಪುರಿ' ಎಂದೇ ಪರಿಚಯ. ಮುಂಬೈಯ ಹಿಂದಿ ಚಿತ್ರಗಳು ಅದನ್ನು ಗೂಂಡಾನ ಕೈಗೆ ಕೊಟ್ಟು ಕುಖ್ಯಾತಿ ತಂದವು. 1965ರ 'ವಕ್ತ್' ಚಿತ್ರದಲ್ಲಿ ರಾಜ್‌ಕುಮಾರ್ ಚಾಕುವಿನ ಬಗ್ಗೆ ಆಡಿದ ಮಾತು ನಿಮ್ಮ ಮನೆಯ ಹಿರಿಯರಿಗೆ ಬಾಯಿಪಾಠ ಇರಬಹುದು. (ಇವರು ನಮ್ಮ ಅಣ್ಣಾವ್ರಲ್ಲ, ಹಿಂದಿಯ ರಾಜ್‌ಕುಮಾರ್!) 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ರಾಂಪುರಿಯನ್ನು ಮಾಡಕೂಡದೆಂದು ನಿಷೇಧ ಹಾಕಿತು. ಅಲ್ಲಿಂದ ಕಸುಬು ಕುಗ್ಗುತ್ತ ಬಂತು. 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ 20 ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಿ, ಅದಕ್ಕೆ 'ಚಾಕು ಚೌಕ' ಎಂದು ಹೆಸರಿಟ್ಟರು. ಮಾಡುವ ಕೈಗಳು ಕಡಿಮೆಯಾದ ಕಾಲಕ್ಕೆ ಪ್ರತಿಮೆ ಎದ್ದಿತು.

ಜಪಾನಿನಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ. ಮಿಕಿ ಎಂಬ ಊರಿನಲ್ಲಿ 1890ರ ದಶಕದಲ್ಲಿ ಹುಟ್ಟಿದ 'ಹಿಗೊನೊಕಾಮಿ' ಎಂಬ ಚಾಕು ಒಂದು ಕಾಲದಲ್ಲಿ ಅಲ್ಲಿಯ ಹುಡುಗರ ಜೇಬಿನಲ್ಲೆಲ್ಲ ಇರುತ್ತಿತ್ತು. ತಗಡು ಮಡಚಿದಂಥ ಹಿಡಿ, ಪೆನ್ಸಿಲ್ ಕೆತ್ತಲು ಹೇಳಿಮಾಡಿಸಿದ ಅಲಗು. 1960ರ ಅಕ್ಟೋಬರ್ 12ರಂದು ಟೋಕಿಯೋದಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಕಿರುಗತ್ತಿಯಿಂದ ಇರಿದು ಕೊಂದ. ದೇಶವೇ ಬೆಚ್ಚಿಬಿತ್ತು. ಮಕ್ಕಳ ಕೈಗೆ ಚಾಕು ಬೇಡ ಎಂಬ ಚಳವಳಿ ಎದ್ದಿತು. ಶಾಲೆಗಳಿಗೆ ಪೆನ್ಸಿಲ್ ಕೆತ್ತುವ ಯಂತ್ರವೂ ಬಂತು. ಹತ್ತಾರು ತಯಾರಕರಿದ್ದ ಕಸುಬಿನಲ್ಲಿ ಕೊನೆಗೆ ಆ ಹೆಸರಿನ ಹಕ್ಕುಳ್ಳ ಒಂದೇ ಮನೆ, ನಾಗಾವೊ ಕುಟುಂಬದ್ದು, ಉಳಿಯಿತು.

ಒಂದೇ ಮನೆ ಉಳಿದ ಮೇಲೆ, ಹಿಂದಿನ ಹತ್ತಾರು ಮನೆಯವರ ಗುರುತು ಹೊತ್ತ ಹಳೆಯ ಹಿಗೊನೊಕಾಮಿಗಳನ್ನು ಐದು ಜೋಡಿಸಿದವನದೂ ದೊಡ್ಡ ಸಂಗ್ರಹವೇ. ಏಕೆಂದರೆ ಆ ಐದು ಗುರುತುಗಳಿಗೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಲಂಡನ್ ಚಾಕುವಿನಲ್ಲಿ ಕನ್ನಡದ ಉಕ್ಕು

ಸಾಕ್ಷಿ ಎಂದಾಗ ನಮ್ಮದೇ ಒಂದು ಕಥೆ ಹೇಳಬೇಕು. 1790ರ ದಶಕದಲ್ಲಿ ಮುಂಬೈಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್, ಈ ದೇಶದ ಒಂದು ಬಗೆಯ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಅದನ್ನು ಪರೀಕ್ಷೆ ಮಾಡಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಆ ಉಕ್ಕಿನ ಹೆಸರು 'ವೂಟ್ಜ್' ಎಂದು ಅಲ್ಲಿ ಅಚ್ಚಾಯಿತು. ಏನಿದು ವೂಟ್ಜ್? 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟಿನ ಊಹೆ ಕೇಳಿ: ಇದು ಕನ್ನಡದ 'ಉಕ್ಕು' ಎಂಬ ಪದವೇ, ಯಾರದೋ ಕೈಬರಹವನ್ನು ತಪ್ಪಾಗಿ ಓದಿ ಹೀಗಾಗಿದೆ! ತೆಲುಗಿನಲ್ಲೂ ಅದು ಉಕ್ಕೇ ಆದ್ದರಿಂದ ಹೈದರಾಬಾದಿನ ನೆರೆಯವರೂ ಇದರಲ್ಲಿ ಪಾಲು ಕೇಳಬಹುದು.

ಈ ಉಕ್ಕಿನ ಗುಣ ನೋಡಬೇಕೆಂದು ಲಂಡನ್ನಿನ ಹೆಸರಾಂತ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಕೈಗೆ ಒಂದು ತುಂಡು ಕೊಟ್ಟರು. ಸ್ಟೊಡಾರ್ಟ್ ಅದನ್ನು ಕಾಯಿಸಿ ಬಡಿದು ಮಾಡಿದ್ದು ಏನು ಗೊತ್ತೇ? ಒಂದು ಪೆನ್ ನೈಫ್! ಅದರ ಮೊನಚು ಅಲ್ಲಿಯ ಉತ್ತಮ ಉಕ್ಕಿಗೆ ಏನೂ ಕಡಿಮೆ ಇರಲಿಲ್ಲ. ಮುಂದೆ ಸ್ಟೊಡಾರ್ಟ್ ತನ್ನ ಅಂಗಡಿಯ ಚೀಟಿಯಲ್ಲಿಯೇ, ಯೂರೋಪಿನ ಒಳ್ಳೆಯ ಉಕ್ಕಿಗಿಂತ ಭಾರತದ ವೂಟ್ಜ್ ತನಗೆ ಮೆಚ್ಚು ಎಂದು ಅಚ್ಚು ಹಾಕಿಸಿದ. 1820ರ ಸುಮಾರಿಗೆ ಮೈಕೇಲ್ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮೇಲೆ ಪ್ರಯೋಗಗಳನ್ನೂ ಮಾಡಿದ.

ಆ ಉಕ್ಕು ಮಾಡುತ್ತಿದ್ದ ಬಗೆ ನಮಗೆ ತಿಳಿದಿರುವುದು ಕೂಡ ಬರೆದಿಟ್ಟವರು ಇದ್ದುದರಿಂದ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ, ಚನ್ನಪಟ್ಟಣದ ಕಡೆಯ ಕಬ್ಬಿಣ ಮತ್ತು ಉಕ್ಕಿನ ಕೆಲಸವನ್ನು ನೋಡಿ ವಿವರಿಸಿದ್ದಾನೆ. ಮಣ್ಣಿನ ಚಿಕ್ಕ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ ಚೂರು, ಹಸಿರೆಲೆ ಇಟ್ಟು ಬಾಯಿಗೆ ಮಣ್ಣು ಮೆತ್ತಿ ತಿದಿ ಊದಿ ಕಾಯಿಸುವುದು. ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ವಾದ್ಯದ ಉಕ್ಕಿನ ತಂತಿಗಳನ್ನೂ ಆತ ಹೊಗಳಿದ್ದಾನೆ. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ವಿಲಾಯತಿಯ ಅಗ್ಗದ ಉಕ್ಕಿನ ಮುಂದೆ ಆ ಕುಲುಮೆಗಳು ಆರಿಹೋದವು. ತಿದಿ ಊದಿದವರ ಹೆಸರು ನಮಗೆ ಗೊತ್ತಿಲ್ಲ. ಮೊನಚು ಹಿಡಿದ ಲಂಡನ್ನಿನ ಸ್ಟೊಡಾರ್ಟ್ ಹೆಸರು ಗೊತ್ತಿದೆ, ಅವನ ಚೀಟಿ ಉಳಿದದ್ದರಿಂದ.

ಚೀಟಿ ಬರೆದವರು

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಹತ್ತಿರ ಬಂತು. ಷೆಫೀಲ್ಡಿನ ಕೆನ್ ಹಾಲಿ ಎಂಬುವರು ಉಪಕರಣಗಳ ಅಂಗಡಿ ಇಟ್ಟುಕೊಂಡಿದ್ದವರು. ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುವುದನ್ನು ಕಣ್ಣಾರೆ ನೋಡಿ, ಅವರು ದಶಕಗಳ ಕಾಲ ಅಲ್ಲಿಯ ಚಾಕು, ಕತ್ತರಿ, ಗರಗಸಗಳನ್ನು ಕೂಡಿಟ್ಟರು. ಬರೀ ಮುಗಿದ ಮಾಲನ್ನಲ್ಲ. ಅರ್ಧ ಬಡಿದ ಅಲಗು, ಸಾಣೆಗೆ ಹೋಗುವ ಮೊದಲಿನ ತುಂಡು, ಬೆಲೆಪಟ್ಟಿ, ಫೋಟೋ, ಕೆಲಸಗಾರರ ಮಾತಿನ ಧ್ವನಿಮುದ್ರಣ, ಕೆಲಸದ ಚಲನಚಿತ್ರ ಎಲ್ಲವನ್ನೂ ಸೇರಿಸಿದರು. ಇದರಿಂದ ಒಂದು ಚಾಕು ಹೇಗೆ ಹುಟ್ಟುತ್ತದೆಂದು ಇವತ್ತಿನ ಹುಡುಗ ಹಂತ ಹಂತವಾಗಿ ಕಲಿಯಬಹುದು. ಹತ್ತಾರು ಸಾವಿರ ವಸ್ತುಗಳ ಆ ಸಂಗ್ರಹ 2010ರಿಂದ ಷೆಫೀಲ್ಡಿನ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೆರೆದಿದೆ. ಹಾಲಿಯವರು 2014ರಲ್ಲಿ ತೀರಿಕೊಂಡರು. 1941ರಲ್ಲಿ 14ನೆಯ ವಯಸ್ಸಿಗೆ ಬೆಂಚಿಗೆ ಕೂತ ಅಲ್ಲಿಯ ಪ್ರಸಿದ್ಧ ಚಿಕ್ಕ ಮೇಸ್ತ್ರಿ ಸ್ಟಾನ್ ಷಾ 2021ರಲ್ಲಿ ಹೋದರು. ಮನುಷ್ಯರು ಹೋದರೂ ಕೆಲಸದ ಕ್ರಮ ದಾಖಲೆಯಲ್ಲಿ ಉಳಿದಿದೆ.

ಇಷ್ಟಕ್ಕೆ ಇಂಗ್ಲೆಂಡಿಗೇ ಹೋಗಬೇಕಿಲ್ಲ. ಪುಣೆಯ ಕೇಳುಗರಿಗೆ ಬಾಜೀರಾವ್ ರಸ್ತೆ ಹತ್ತಿರವೇ ಇದೆ. 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದ ದಿನಕರ ಕೇಳ್ಕರ್ (1896-1990) ಸುಮಾರು 1920ರಿಂದ ಊರೂರು ಸುತ್ತಿ ದಿನಬಳಕೆಯ ವಸ್ತುಗಳನ್ನು ತಂದರು. ದೀಪ, ಬೀಗ, ಮಸಿಕುಡಿಕೆ, ಲಟ್ಟಣಿಗೆ, ಅಡಕೊತ್ತು. ಅಕಾಲದಲ್ಲಿ ತೀರಿಕೊಂಡ ಒಬ್ಬನೇ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. 1960ರ ವೇಳೆಗೆ ಸುಮಾರು 15,000 ವಸ್ತುಗಳಾಗಿದ್ದವು, ಈಗ 20,000ಕ್ಕೂ ಹೆಚ್ಚು. ನೋಡಲು ಇಟ್ಟಿರುವುದು ಅದರಲ್ಲಿ 2,500ರಷ್ಟು. ಅಡಕೊತ್ತುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಡಚುವ ಚಾಕುವಿನ ಹತ್ತಿರದ ನೆಂಟ ಅದು, ಅಲಗು, ಹಿಡಿ, ಮೊಳೆ ಎಲ್ಲವೂ ಇವೆ. ಗಿಳಿಯ ಆಕಾರ, ಕುದುರೆಯ ಆಕಾರ, ಗಂಡ ಹೆಂಡಿರ ಆಕಾರ. ಅಲ್ಲಿಯವರು ಅದನ್ನು 'ಅಡಕಿತ್ತಾ' ಎನ್ನುತ್ತಾರೆ. ನಮ್ಮ ಅಡಕೆ ಆ ಪದದಲ್ಲಿ ಕೂತಿರುವುದು ಕಿವಿಗೇ ಕೇಳಿಸುತ್ತದೆ.

ಹಾಗಾದರೆ ಎಷ್ಟು?

ಎಷ್ಟು ಚಾಕು ಇದ್ದರೆ ದೊಡ್ಡ ಸಂಗ್ರಹ ಎಂಬುದಕ್ಕೆ ಯಾವ ಸಂಘವೂ ಗೆರೆ ಎಳೆದಿಲ್ಲ. ಆದರೂ ಇಷ್ಟು ದೂರ ಬಂದ ಮೇಲೆ ನಮ್ಮದೊಂದು ಅಳತೆ ಹೇಳಬಹುದು. ಇದು ಎಲ್ಲಿಯದು, ಯಾರು ಮಾಡಿದ್ದು, ಯಾವ ಕೆಲಸಕ್ಕೆ, ನಮ್ಮ ಕೈಗೆ ಹೇಗೆ ಬಂತು? ಈ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬಲ್ಲ ವಸ್ತುಗಳು ಎಷ್ಟಿವೆಯೋ ಅಷ್ಟೇ ನಿಮ್ಮ ಸಂಗ್ರಹದ ಗಾತ್ರ. ಐನೂರರಲ್ಲಿ ಐದಕ್ಕೆ ಮಾತ್ರ ಉತ್ತರವಿದ್ದರೆ ನಿಮ್ಮ ಸಂಗ್ರಹ ಐದು. ಕಣದ ರೈತ ಜೊಳ್ಳು ತೂರಿದ ಮೇಲೆಯೇ ರಾಶಿ ಎಂದನಲ್ಲ, ಹಾಗೆ.

ಮಿತ್ರರೇ, ಈ ಮಾತು ಚಾಕು ಕೂಡಿಸುವವರಿಗಷ್ಟೇ ಅಲ್ಲ. ಊರು ಬಿಟ್ಟು ಬಂದ ನಮ್ಮೆಲ್ಲರ ಫ್ಲ್ಯಾಟುಗಳಲ್ಲಿ ಒಂದಾದರೂ ಹಳೆಯ ವಸ್ತು ಇದ್ದೇ ಇರುತ್ತದೆ. ಅಜ್ಜಿಯ ಅಡಕೊತ್ತು, ಅಡುಗೆಮನೆಯ ಈಳಿಗೆ, ಅಜ್ಜನ ಪೆನ್ ನೈಫ್, ಕುಡುಗೋಲು. ಊರಿನ ಮನೆ ಮಾರುವಾಗ ಮಿಕ್ಕದ್ದೆಲ್ಲ ಗುಜರಿಯವನ ತಕ್ಕಡಿಗೆ ಹೋಗುತ್ತದೆ, ಕಿಲೋಗೆ ಇಷ್ಟು ಎಂದು. ವಿಮಾನ ನಿಲ್ದಾಣದ ಡಬ್ಬಕ್ಕೂ ಆ ತಕ್ಕಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ ಮಕ್ಕಳ ಕೈಗೆ ಅಡಕೊತ್ತು ಸಿಕ್ಕರೂ ಅದು ಏನೆಂದು ಹೇಳುವವರು ಪಕ್ಕದಲ್ಲಿ ಇರದಿದ್ದರೆ ಅವರಿಗದು ಕಬ್ಬಿಣದ ತುಂಡು.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಅಂಥ ಒಂದು ವಸ್ತುವನ್ನು ಹೊರಗೆ ತೆಗೆದು ಒರೆಸಿ. ತುಕ್ಕು ಹಿಡಿಯದಂತೆ ನಾಲ್ಕು ಹನಿ ಎಣ್ಣೆ ಸವರಿ. ಊರಿಗೆ ಫೋನು ಮಾಡಿ, ಚಿಕ್ಕಪ್ಪನನ್ನೋ ಸೋದರತ್ತೆಯನ್ನೋ ಕೇಳಿ: ಇದನ್ನು ಯಾವ ಸಂತೆಯಲ್ಲಿ ತಂದರು, ಯಾವ ಕಮ್ಮಾರ ಹದ ಹಾಕಿದ, ಇದರ ಈ ಭಾಗಕ್ಕೆ ನಮ್ಮ ಕಡೆ ಏನೆನ್ನುತ್ತಾರೆ? ಕೇಳಿದ್ದನ್ನು ಅವರು ಆಡಿದ ಮಾತಿನಲ್ಲೇ, ಕನ್ನಡದಲ್ಲಿ, ಒಂದು ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಿ. ತಡ ಮಾಡಬೇಡಿ. ವಸ್ತು ಇನ್ನೂ ನೂರು ವರ್ಷ ಇರುತ್ತದೆ, ಉತ್ತರ ಹೇಳುವವರಿಗೆ ಅಷ್ಟು ಸಮಯವಿಲ್ಲ.

ಊರಿನಿಂದ ಚಾಕುವನ್ನೋ ಅಡಕೊತ್ತನ್ನೋ ವಿಮಾನದಲ್ಲಿ ತರುವುದಾದರೆ ಮರೆಯದೆ ಒಳಗೆ ಹಾಕುವ ಸೂಟ್‌ಕೇಸಿನಲ್ಲಿ ಇಡಿ. ಕೈಚೀಲದಲ್ಲಿ ಇಟ್ಟಿರೋ, ಅದು ಹೋಗಿ ಸೇರುವುದು ಎಲ್ಲಿಗೆ ಎಂದು ನಿಮಗೀಗ ಗೊತ್ತು!